ಕಬ್ಬೆಕ್ಕಿನ ಕಾಲಿನ ಚೀಟಿ

ಓದಿದವರ ಮೇಲೆ ನನಗೆ ದ್ವೇಷವೇನೂ ಇಲ್ಲ. ಆದರೆ ಅವರು ಮನಸ್ಸು ಬದಲಾಯಿಸಿದಾಗಲೆಲ್ಲ ರಂದ ಹಿಡಿಯಬೇಕಾದವನು ನಾನು ಎಂಬುದನ್ನು ಯಾರಾದರೂ ಅವರ ಕಿವಿಗೆ ಹಾಕಬೇಕು.

ನಾನು ಪ್ರಾಣಿ ಸಂಗ್ರಹಾಲಯದ ಬಡಗಿ. ಜನ ಟಿಕೆಟ್ ತೆಗೆದುಕೊಂಡು ನೋಡುವ ಗಾಜಿನ ಪೆಟ್ಟಿಗೆಗಳ ಹಿಂದೆ, ‘ಸಿಬ್ಬಂದಿಗೆ ಮಾತ್ರ’ ಎಂದು ಬರೆದ ಬಾಗಿಲಿನಾಚೆ, ಒಂದು ಉದ್ದನೆಯ ಕೋಣೆಯಿದೆ. ಗೋಡೆಯುದ್ದಕ್ಕೂ ಕಪಾಟು, ಕಪಾಟಿನ ತುಂಬ ಡ್ರಾಯರು, ಡ್ರಾಯರಿನ ತುಂಬ ಹತ್ತಿ ತುರುಕಿ ಹೊಲಿದ ಚರ್ಮಗಳು. ಎಲ್ಲವೂ ಹೊಟ್ಟೆಯ ಮೇಲೆ ಮಲಗಿ, ಕಾಲು ಚಾಚಿಕೊಂಡು, ನುಸಿಗುಳಿಗೆಯ ವಾಸನೆ ಕುಡಿಯುತ್ತಾ ನೂರಾರು ವರ್ಷದಿಂದ ಬಿದ್ದುಕೊಂಡಿವೆ. ಒಂದು ಬಗೆಯ ಪ್ರಾಣಿಗೆ ಒಂದು ಡ್ರಾಯರು. ಪಂಡಿತರು ಒಂದು ಬಗೆಯನ್ನು ಎರಡು ಮಾಡಿದರೆ ನಾನು ಹೊಸ ಡ್ರಾಯರು ಮಾಡಬೇಕು. ಎರಡನ್ನು ಸೇರಿಸಿ ಒಂದು ಮಾಡಿದರೆ ಹಳೆಯದರ ಅಡ್ಡಗೋಡೆ ಕೀಳಬೇಕು. ಹುಲಿ ಸಿಂಹಗಳಿಂದ ನನಗೆ ಯಾವ ಉಪದ್ರವವೂ ಆಗಿಲ್ಲ. ನನ್ನ ಜೀವ ತಿಂದದ್ದು ಕಬ್ಬೆಕ್ಕು.

ಹೆಸರಿನಲ್ಲಿ ಬೆಕ್ಕು ಅಷ್ಟೆ. ಅದು ಪುನುಗಿನ ಕುಲ. ಉದ್ದ ಬಾಲ, ಚೂಪು ಮೂತಿ, ಮರದ ಮೇಲೆ ಹಣ್ಣು ತಿಂದುಕೊಂಡು, ಜನರ ಮನೆಯ ಸೂರಿನಲ್ಲಿ ಮರಿ ಹಾಕಿಕೊಂಡು, ಯಾರ ಗೊಡವೆಗೂ ಹೋಗದೆ ಬದುಕುವ ಜೀವ. ಅದರ ಪಾಡಿಗೆ ಅದನ್ನು ಬಿಟ್ಟಿದ್ದರೆ ನಾನೂ ಸುಖವಾಗಿರುತ್ತಿದ್ದೆ, ನಮ್ಮ ಅಕ್ಕನೂ ಸುಖವಾಗಿರುತ್ತಿದ್ದಳು.

ಅಕ್ಕ ಅದೇ ಕೋಣೆಯಲ್ಲಿ ಚೀಟಿ ಬರೆಯುವವಳು. ಪ್ರತಿ ಚರ್ಮದ ಹಿಂಗಾಲಿಗೂ ದಾರದಲ್ಲಿ ಒಂದು ದಪ್ಪ ಕಾಗದದ ಚೀಟಿ ಕಟ್ಟಿರುತ್ತದೆ. ಪ್ರಾಣಿಯ ಹೆಸರೇನು, ಎಲ್ಲಿ ಸಿಕ್ಕಿತು, ಯಾವಾಗ, ಯಾರಿಗೆ, ಸಂಖ್ಯೆ ಎಷ್ಟು. ಅಕ್ಕನ ಅಕ್ಷರ ನೋಡಿದವರು ಅಚ್ಚು ಮಾಡಿಸಿದ್ದೀರಾ ಎಂದು ಕೇಳುತ್ತಿದ್ದರು. ಅವಳಿಗೆ ಅದು ಹೊಗಳಿಕೆ ಅನ್ನಿಸುತ್ತಿರಲಿಲ್ಲ. “ಅಚ್ಚಲ್ಲಿ ತಪ್ಪಿರುತ್ತೆ” ಅನ್ನುತ್ತಿದ್ದಳು. ಕಟ್ಟಡದಲ್ಲಿ ನಿರ್ದೇಶಕರಿಂದ ಹಿಡಿದು ಬಾಗಿಲು ಕಾಯುವವನವರೆಗೆ ಎಲ್ಲರಿಗೂ ಅವಳು ಅಕ್ಕ. ನನಗೊಬ್ಬನಿಗೆ ಹುಟ್ಟಿನಿಂದಲೇ ಆ ಭಾಗ್ಯ.

ಮನೆಯಲ್ಲೂ ಅದೇ ಕತೆ. ನಾವಿಬ್ಬರೂ ಒಂದೇ ಕಟ್ಟಡದ ಮೇಲೆ ಕೆಳಗೆ ಇರುವವರು. ಅವಳ ಅಡುಗೆಮನೆಯಲ್ಲಿ ಸಕ್ಕರೆ ಡಬ್ಬಿಗೂ ಚೀಟಿ, ಉಪ್ಪಿನ ಡಬ್ಬಿಗೂ ಚೀಟಿ, ತುಂಬಿದ ತಾರೀಕು ಸಮೇತ. ಬಸ್ ಓಡಿಸಿ ನಿವೃತ್ತರಾದ ಭಾವ ಒಂದು ದಿನ ಕಾಲು ಚಾಚಿ, “ನನಗೂ ಒಂದು ಕಟ್ಟಿಬಿಡೇ, ಎಲ್ಲಾದ್ರೂ ಕಳೆದುಹೋದ್ರೆ ಸಿಗ್ತೀನಿ” ಅಂದರು. ಅಕ್ಕ ನಗಲಿಲ್ಲ. “ನಿಮ್ಮ ಸಂಖ್ಯೆ ಬೇಕಲ್ಲ” ಅಂದಳು.

ಅವಳ ಕೋಪವೆಲ್ಲ ಪಂಡಿತರ ಮೇಲೆ. ಅದರಲ್ಲಿ ನ್ಯಾಯವೂ ಇತ್ತು. ನಾವು ಕೆಲಸಕ್ಕೆ ಸೇರಿದಾಗ ಕಬ್ಬೆಕ್ಕಿನ ಕಪಾಟಿನಲ್ಲಿ ಆಫ್ರಿಕಾದ್ದೊಂದು ಇತ್ತು, ಭುಜದ ಮೇಲೆ ಎರಡು ಬಿಳಿ ಚುಕ್ಕೆಯದು. ಕಿವಿಯ ಹತ್ತಿರದ ಎಲುಬು ಬೇರೆ ಥರ ಇದೆ, ಇದು ಈ ಮನೆತನದ್ದೇ ಅಲ್ಲ ಎಂದು ಅದನ್ನು ಹೊರಗೆ ಹಾಕಿಸಿದರು. ಅದಕ್ಕೊಂದು ಬೇರೆ ಕಪಾಟು ನಾನೇ ಮಾಡಿದೆ. ಸಿಂಹಳದ ಹೊಂಬಣ್ಣದ ಕಬ್ಬೆಕ್ಕು ಒಂದಿದ್ದದ್ದು ನಾಲ್ಕಾಯಿತು. ನಾಲ್ಕು ಡ್ರಾಯರು ಮಾಡಿ ವಾರ್ನಿಷ್ ಹೊಡೆದು, ವಾಸನೆ ಆರಿ ಕೆಲವೇ ವರ್ಷವಾಗಿರಬೇಕು, ರಕ್ತಸಂಬಂಧ ಪರೀಕ್ಷೆ ಮಾಡಿದೆವು, ನಾಲ್ಕಲ್ಲ ಒಂದೇ ಅಂದರು. ಇತ್ತ ಎಲ್ಲೆಲ್ಲೂ ಕಾಣುವ ಸಾಮಾನ್ಯ ಕಬ್ಬೆಕ್ಕು, ಬೆನ್ನ ಮೇಲೆ ಮಾಸಲು ಪಟ್ಟೆ, ಮುಖಕ್ಕೆ ಮುಸುಕು ಹಾಕಿದಂತೆ ಕಪ್ಪು, ಅದು ಒಂದಿದ್ದದ್ದು ಮೂರಾಯಿತು. ಇನ್ನು ಮೂಗಿನಿಂದ ಹಣೆಗೆ ಬಿಳಿ ಗೆರೆ ಎಳೆದುಕೊಂಡ ಬೆಟ್ಟದ ಕಬ್ಬೆಕ್ಕು, ಚಿಕ್ಕ ಹಲ್ಲಿನದು, ಒಂದೇ ಬೆಟ್ಟಸಾಲು ಬಿಟ್ಟು ಕದಲದ ಕಂದು ಬಣ್ಣದ್ದು, ಒಂದೇ ದ್ವೀಪದಲ್ಲಿರುವ ಉಂಗುರ ಬಾಲದ್ದು. ಇವುಗಳಲ್ಲಿ ಯಾವುದಕ್ಕೆ ಯಾವುದು ದಾಯಾದಿ ಎಂಬುದು ಐದು ವರ್ಷಕ್ಕೊಮ್ಮೆ ಬದಲು.

“ಲೋ, ಇವರಿಗೆ ಮಾಡೋಕೆ ಬೇರೆ ಕೆಲಸ ಇಲ್ವಾ?” ಅನ್ನುತ್ತಿದ್ದಳು ಅಕ್ಕ, ಹೊಸ ಚೀಟಿಗೆ ತೂತು ಹೊಡೆಯುತ್ತ. “ಅದು ಪಾಪ ಅಲ್ಲೆಲ್ಲೋ ಹಣ್ಣು ತಿಂದ್ಕೊಂಡು ಮಲಗಿದೆ. ತಾನು ನಾಲ್ಕಾದೆ, ಮತ್ತೆ ಒಂದಾದೆ ಅಂತ ಅದಕ್ಕೆ ಗೊತ್ತಾ? ನನ್ನ ಬೆರಳಿಗೆ ಗೊತ್ತು!”

ಆದರೆ ಹಳೆಯ ಚೀಟಿಯನ್ನು ಅವಳು ಎಂದೂ ತೆಗೆಯುತ್ತಿರಲಿಲ್ಲ. ಅದು ಆ ಕೋಣೆಯ ಕಟ್ಟಳೆ. ಹೆಸರು ಎಷ್ಟು ಸಲ ಬದಲಾದರೂ ಹಳೆಯದು ಹಾಗೇ ಇರಬೇಕು, ಹೊಸದನ್ನು ಅದರ ಮೇಲೆ ಕಟ್ಟಬೇಕು. ಕೆಲವು ಚರ್ಮಗಳ ಕಾಲಿನಲ್ಲಿ ಐದಾರು ಚೀಟಿ ಜೋತಾಡುತ್ತವೆ. ಹೊರಗಿನಿಂದ ಓದಲು ಬಂದ ವಿದ್ಯಾರ್ಥಿಯೊಬ್ಬ ತೊಡಕಾಗುತ್ತದೆಂದು ಒಂದರ ದಾರ ಬಿಚ್ಚಿದ್ದಕ್ಕೆ ಅಕ್ಕ ಅವನನ್ನು ಬಾಗಿಲವರೆಗೆ ಬೈದುಕೊಂಡೇ ಕಳಿಸಿದ್ದಳು. “ಗೊತ್ತಿರಲಿಲ್ಲ ಅಂದ್ರೆ ಆಯ್ತಾ? ಗೊತ್ತಿಲ್ಲದವರು ಮುಟ್ಟಬಾರದು!”

ಅವಳ ನಿವೃತ್ತಿಗೆ ಎರಡು ತಿಂಗಳಿರುವಾಗ ಹೊಸ ಮೇಡಂ ಒಂದು ಸುದ್ದಿ ತಂದರು. ಹೊಸ ಮೇಡಂ ಅಂದರೆ ಸಸ್ತನಿ ವಿಭಾಗದ ಪಂಡಿತೆ. ಬಂದು ಆರು ವರ್ಷವಾದರೂ ನಮಗೆ ಇನ್ನೂ ಹೊಸಬರೇ. ಕಪಾಟಿನಲ್ಲಿ ನಾನೂರ ಹದಿನೇಳನೆಯ ಸಂಖ್ಯೆಯ ಒಂದು ಕಬ್ಬೆಕ್ಕಿದೆ. ಉಳಿದವಕ್ಕಿಂತ ತಿಳಿ ಬಣ್ಣ, ಬೆನ್ನಿನ ಪಟ್ಟೆ ಅಲ್ಲಲ್ಲಿ ತುಂಡು. ಚೀಟಿಯ ಮೇಲೆ ದೂರದ ಒಂದು ಪುಟ್ಟ ದ್ವೀಪದ ಬಂದರಿನ ಹೆಸರು. ಪಡಸಾಲೆಯ ಗೋಡೆಯಲ್ಲಿ ಅಕ್ಕನೇ ಬಣ್ಣ ತುಂಬಿದ ದೊಡ್ಡ ನಕ್ಷೆಯಿದೆ, ಯಾವ ಕಬ್ಬೆಕ್ಕು ಎಲ್ಲೆಲ್ಲಿ ಎಂದು ತೋರಿಸುವುದು. ಅದರಲ್ಲಿ ಸಮುದ್ರದ ನಡುವೆ ಒಂಟಿಯಾಗಿ ಕೂತ ಚುಕ್ಕೆ ಈ ನಾನೂರ ಹದಿನೇಳರದ್ದು. ಆಮೇಲೆ ಬಂದ ಪುಸ್ತಕಗಳೆಲ್ಲ ಆ ಚುಕ್ಕೆಯನ್ನು ನೋಡಿ ಬರೆದುಕೊಂಡವು. ಆ ದ್ವೀಪದಿಂದ ಬಂದ ಚರ್ಮ ಜಗತ್ತಿನಲ್ಲಿ ಇದೊಂದೇ. ಹುಳ ಹಿಡಿಯದಿರಲೆಂದು ಹಿಂದಿನವರು ವಿಷದ ಔಷಧ ಬಳಿದೂ ಬಳಿದೂ, ಹೊಸ ಕಾಲದ ಪರೀಕ್ಷೆಗೆ ಅದರಲ್ಲಿ ಸತ್ತ್ವ ಉಳಿದಿರಲಿಲ್ಲ. ಮೇಡಂ ಮೂರು ವರ್ಷ ಅದರ ತಲೆಬುರುಡೆ ಅಳೆದು, ಪಟ್ಟೆ ಎಣಿಸಿ, ಇದು ಆ ದ್ವೀಪದ್ದೇ ಆದ ಹೊಸ ಪ್ರಭೇದ ಎಂದು ತೀರ್ಮಾನಿಸಿದ್ದರು. ಹೊಸ ಪ್ರಭೇದಕ್ಕೆ ಹೊಸ ಹೆಸರು ಬೇಕು.

“ಅಕ್ಕ, ಇದಕ್ಕೆ ನಿಮ್ಮ ಹೆಸರಿಡ್ತಾ ಇದ್ದೀನಿ” ಅಂದರು ಮೇಡಂ.

ಅಕ್ಕ ಲೇಖನಿ ಕೆಳಗಿಟ್ಟಳು. “ನನ್ನ ಹೆಸರು ಯಾಕೆ ಮೇಡಂ? ಬೇರೆ ಯಾರೂ ಸಿಗಲಿಲ್ವಾ ನಿಮಗೆ?”

“ಮೂವತ್ತನಾಲ್ಕು ವರ್ಷ ಒಂದು ತಪ್ಪಿಲ್ಲದೆ ಬರೆದಿದ್ದೀರಿ. ನೀವು ಬರೆದಿದ್ದನ್ನ ನಂಬಿ ತಾನೇ ನಾವೆಲ್ಲ ಕೆಲಸ ಮಾಡೋದು?”

“ಪ್ರಾಣಿಗೆ ಮನುಷ್ಯರ ಹೆಸರಿಡೋದೇ ಒಂದು ಹುಚ್ಚು” ಎಂದು ಅಕ್ಕ ಗೊಣಗಿದಳು. ಆ ಇಡೀ ದಿನ ಗೊಣಗಿದಳು. ಮನೆಗೆ ಹೋಗುವ ದಾರಿಯಲ್ಲಿ ನನ್ನ ಜೊತೆ ಗೊಣಗಿದಳು, ಭಾವನ ಎದುರು ಗೊಣಗಿದಳು. ಭಾವ, “ಇನ್ಮೇಲೆ ಬೆಕ್ಕಿಗೆ ಹೆದರಬೇಕೋ ನಿನಗೆ ಹೆದರಬೇಕೋ” ಅಂದದ್ದಕ್ಕೆ ಎದ್ದು ಒಳಗೆ ಹೋದಳು.

ಆದರೆ ಮಾರನೆಯ ದಿನ ಅವಳ ಮೇಜಿನ ಕಸದಬುಟ್ಟಿಯಲ್ಲಿ ನಾನೊಂದು ಕಾಗದ ನೋಡಿದೆ. ಅದರ ತುಂಬ ಅವಳ ಹೆಸರಿನ ಲ್ಯಾಟಿನ್ ರೂಪ. ಒಮ್ಮೆ ದೊಡ್ಡದಾಗಿ, ಒಮ್ಮೆ ಚಿಕ್ಕದಾಗಿ, ಒಮ್ಮೆ ಓರೆಯಾಗಿ, ಹನ್ನೆರಡೋ ಹದಿಮೂರೋ ಸಲ. ಯಾರೋ ಸೇನಾಧಿಕಾರಿ, ಯಾರದೋ ಅಳಿಯ, ದುರ್ಬೀನು ಹಿಡಿದು ಬಂದ ಇನ್ಯಾರೋ, ಇಂಥವರ ಹೆಸರುಗಳನ್ನೇ ಅವಳು ಸಾವಿರಾರು ಚೀಟಿಗಳಲ್ಲಿ ಬರೆದಿದ್ದಳು. ಚೀಟಿ ಬರೆದವರ ಹೆಸರು ಮಾತ್ರ ಚೀಟಿಯ ಮೇಲೆ ಇರುವುದಿಲ್ಲ. ಆ ಕಾಗದವನ್ನು ಮಡಿಸಿ ಬುಟ್ಟಿಯ ತಳಕ್ಕೆ ಹಾಕಿದೆ, ಬೇರೆ ಯಾರೂ ನೋಡಬಾರದೆಂದು.

ಹೊಸ ಪ್ರಭೇದದ ಮೂಲ ಚರ್ಮಕ್ಕೆ ಕೆಂಪು ಅಂಚಿನ ಚೀಟಿ ಮತ್ತು ಬೀಗವಿರುವ ಬೇರೆ ಡ್ರಾಯರು. ಅದೂ ಒಂದು ಕಟ್ಟಳೆ. ಲೇಖನ ಅಚ್ಚಿಗೆ ಹೋಗುವುದು ಗುರುವಾರ. ಸೋಮವಾರ ಬೆಳಿಗ್ಗೆ ನಾನು ನಾನೂರ ಹದಿನೇಳು ಇದ್ದ ಹಳೆಯ ಡ್ರಾಯರನ್ನು ಹೊರಗೆಳೆದು, ಚರ್ಮಗಳನ್ನು ಮೇಜಿನ ಮೇಲೆ ಸಾಲಾಗಿ ಮಲಗಿಸಿ, ಡ್ರಾಯರು ಜಾರುವ ಮರದ ಪಟ್ಟಿಯನ್ನು ಬಿಚ್ಚತೊಡಗಿದೆ. ಆ ಡ್ರಾಯರು ಮೊದಲಿನಿಂದಲೂ ಕುಂಟು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೇ ಪಟ್ಟಿಯ ಕೆಳಗೆ ಏನೋ ಬೆಣೆ ಕೊಟ್ಟು ನಿಲ್ಲಿಸಿದ್ದೆ. ಮರದ ಚಕ್ಕೆ ಹೊಂದಿಸಲು ಸೋಮಾರಿತನ, ದಪ್ಪ ಕಾಗದ ಕೈಗೆ ಸಿಕ್ಕಿತ್ತು, ಎರಡು ಮಡಿಕೆ ಮಾಡಿ ತುರುಕಿದ್ದೆ.

ಪಟ್ಟಿ ಕಳಚಿತು. ಕಾಗದ ನೆಲಕ್ಕೆ ಬಿತ್ತು. ಹಳದಿಗಟ್ಟಿ ಗಟ್ಟಿಯಾಗಿತ್ತು, ಒಂದು ಮೂಲೆಯಲ್ಲಿ ದಾರದ ತೂತು. ಬಿಡಿಸಿ ನೋಡಿದರೆ ಚೀಟಿ. ಸಂಖ್ಯೆ ನಾನೂರ ಹದಿನೇಳು.

ಆಗ ಎಲ್ಲ ನೆನಪಾಯಿತು. ಅಕ್ಕ ಸೇರಿದ ಮೊದಲ ವಾರ. ಚೀಟಿಗಳು ಗಲೀಜಾಗಿವೆ, ಚೆನ್ನಾಗಿ ಬರೆಯಮ್ಮ ಎಂದಷ್ಟೇ ಸಸ್ತನಿ ವಿಭಾಗದ ಆಗಿನ ಪಂಡಿತರಾದ ದೊಡ್ಡ ಡಾಕ್ಟರು ಹೇಳಿದ್ದರು. ಕಟ್ಟಳೆ ಹೇಳಿರಲಿಲ್ಲ. ಇವಳು ಮೊದಲೇ ಶುಭ್ರದ ಹುಚ್ಚಿನವಳು. ಒಂದು ಡ್ರಾಯರಿನ ಹನ್ನೊಂದು ಚರ್ಮಗಳ ಹಳೆಯ ಚೀಟಿಗಳನ್ನು ಕತ್ತರಿಯಿಂದ ಕತ್ತರಿಸಿ ಬುಟ್ಟಿಗೆ ಹಾಕಿ, ಚೊಕ್ಕಟ ನಕಲು ಕಟ್ಟಿದ್ದಳು. ದೊಡ್ಡ ಡಾಕ್ಟರು ನೋಡಿ ಕೋಣೆ ಹಾರಿಹೋಗುವಂತೆ ಕೂಗಾಡಿದರು. ಬುಟ್ಟಿ ಬೋರಲು ಹಾಕಿ ಹತ್ತು ಚೀಟಿ ಹುಡುಕಿ ಮತ್ತೆ ಕಟ್ಟಿಸಿದರು. ಹನ್ನೊಂದನೆಯದು ಸಿಗಲೇ ಇಲ್ಲ. “ಇದ್ದದ್ದೆಲ್ಲ ಬರೆದುಕೊಂಡಿದ್ದೀಯಾ ತಾನೇ?” ಎಂದು ಕೇಳಿದ್ದರು. “ಒಂದಕ್ಷರ ಬಿಟ್ಟಿಲ್ಲ ಸಾರ್” ಅಂದಿದ್ದಳು ಅಕ್ಕ, ಅಳುತ್ತ. ಹುಡುಕುವ ಹೊತ್ತಿಗೆ ಆ ಹನ್ನೊಂದನೆಯದು ನನ್ನ ಡ್ರಾಯರಿನ ಕೆಳಗೆ ಬೆಣೆಯಾಗಿ ಕೂತಿತ್ತು ಎಂದು ನನಗೆ ತಾನೆ ಏನು ಗೊತ್ತು? ಬುಟ್ಟಿಯಿಂದ ಒಂದು ದಪ್ಪ ಕಾಗದ ಎತ್ತಿಕೊಂಡಿದ್ದೆ, ಅಷ್ಟೆ.

ಮುಂಬದಿಯಲ್ಲಿದ್ದದ್ದು ಅಕ್ಕನ ನಕಲಿನಲ್ಲಿ ಅಕ್ಷರಕ್ಕೆ ಅಕ್ಷರ ಇತ್ತು. ಬಂದರಿನ ಹೆಸರು, ತಾರೀಕು, ಸಂಖ್ಯೆ. ನಾನು ಚೀಟಿ ತಿರುಗಿಸಿದೆ. ಹಿಂದೆ ಮಾಸಿದ ಮಸಿಯಲ್ಲಿ, ಅವಸರದ ಕೈಯಲ್ಲಿ, ಮೂರು ಸಾಲು. ‘ಹಡಗಿನವರು ಸಾಕಿಕೊಂಡಿದ್ದು. ಬಂದರಿನಲ್ಲಿ ಸತ್ತಿತು. ಎಲ್ಲಿಯದೆಂದು ಅವರಿಗೂ ತಿಳಿಯದು.’

ದ್ವೀಪದ ಕಬ್ಬೆಕ್ಕೂ ಅಲ್ಲ, ಹೊಸ ಪ್ರಭೇದವೂ ಅಲ್ಲ. ಯಾವುದೋ ಊರಿನ ಸಾಮಾನ್ಯ ಕಬ್ಬೆಕ್ಕು, ಹಡಗಿನ ಪಂಜರದಲ್ಲಿ ಕೂತು ಬಣ್ಣಗೆಟ್ಟದ್ದು. ನಕ್ಷೆಯ ಚುಕ್ಕೆ ಸುಳ್ಳು, ಪುಸ್ತಕಗಳ ಚುಕ್ಕೆ ಸುಳ್ಳು, ಮೇಡಂ ಅವರ ಮೂರು ವರ್ಷ ನೀರುಪಾಲು. ಅಕ್ಕನ ಹೆಸರು ಹೊತ್ತು ಲೋಕವಿರುವವರೆಗೆ ಇರಬೇಕಾಗಿದ್ದ ಪ್ರಾಣಿಯೇ ಇಲ್ಲ.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಮೂವತ್ತನಾಲ್ಕು ವರ್ಷ ಬಾಯಿ ಮುಚ್ಚಿಕೊಂಡಿದ್ದ ಚೀಟಿಗೆ ಇನ್ನು ನಾಲ್ಕು ದಿನ ತಡೆಯಲಾಗಲಿಲ್ಲವೇ? ಹಿಂಬದಿಯಲ್ಲಿ ಬರೆದ ಆ ಪುಣ್ಯಾತ್ಮನಿಗೆ ಮುಂದೆ ಜಾಗವಿರಲಿಲ್ಲವೇ? ನನ್ನ ಮೇಲೂ ಸಿಟ್ಟು ಬಂತು. ಮೊದಲೇ ಮರದ ಬೆಣೆ ಹೊಡೆದಿದ್ದರೆ ಈ ಚೀಟಿ ಅಂದೇ ಬುಟ್ಟಿಯಲ್ಲಿ ಸಿಕ್ಕಿ, ಮತ್ತೆ ಕಾಲಿಗೆ ಕಟ್ಟಿಸಿಕೊಂಡು, ಎಲ್ಲವೂ ಸರಿಹೋಗಿರುತ್ತಿತ್ತು. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಚೀಟಿಯನ್ನು ಮತ್ತೆ ಎರಡು ಮಡಿಕೆ ಮಾಡಿ ಪಟ್ಟಿಯ ಕೆಳಗೆ ಇಟ್ಟೆ. ಸರಿಯಾಗಿ ಕೂತಿತು. ಮೊಳೆ ಹೊಡೆಯಲು ಸುತ್ತಿಗೆ ಎತ್ತಿದೆ. ಎತ್ತಿದ ಕೈ ಎತ್ತಿದ ಹಾಗೇ ನಿಂತಿತು. ಆ ವಿದ್ಯಾರ್ಥಿಯನ್ನು ಅಕ್ಕ ಬಾಗಿಲವರೆಗೆ ಬೈದುಕೊಂಡು ಹೋದದ್ದು ಕಣ್ಣ ಮುಂದೆ ಬಂತು. ಚೀಟಿಯನ್ನು ತೆಗೆದು ಜೇಬಿಗೆ ಹಾಕಿಕೊಂಡೆ.

ಮಧ್ಯಾಹ್ನದ ಚಹಾದ ಹೊತ್ತಿಗೆ ಅವಳ ಮೇಜಿನ ಹತ್ತಿರ ಹೋದೆ. ಅಕ್ಕ ಕೆಂಪು ಅಂಚಿನ ಚೀಟಿ ಬರೆಯುತ್ತಿದ್ದಳು. ಹೆಸರಿನ ಮೊದಲ ಎರಡು ಅಕ್ಷರ ಆಗಿತ್ತು.

“ಅಕ್ಕ, ಇದನ್ನ ನೋಡು.”

“ಮಸಿ ಆರಲಿ ಇರೋ.”

“ಮಸಿ ಆಮೇಲೆ ಆರಲಿ. ಮೊದಲು ನೋಡು.”

ಅವಳು ಮುಂಬದಿ ಓದಿದಳು. ತಿರುಗಿಸಿ ಹಿಂಬದಿ ಓದಿದಳು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೊಮ್ಮೆ ಓದಿದಳು.

“ಎಲ್ಲಿತ್ತು?”

“ಡ್ರಾಯರ್ ಕೆಳಗೆ. ಬೆಣೆ.”

“ಇಟ್ಟಿದ್ದು ಯಾರು?”

“ನಾನೇ.”

“ಕತ್ತರಿಸಿದ್ದು ನಾನು.” ಅವಳು ಚೀಟಿಯನ್ನು ಮೇಜಿನ ಮೇಲಿಟ್ಟಳು. ಆಮೇಲೆ ಸಿಡಿದಳು. “ದರಿದ್ರದವನೇ! ಇಡೀ ಕಟ್ಟಡದಲ್ಲಿ ಒಂದು ಮರದ ಚೂರು ಸಿಗಲಿಲ್ವಾ ನಿನಗೆ? ಬಡಗಿ ಅಂತೆ ಬಡಗಿ!”

“ನಾಳೆ ನನ್ನ ಬೈಯುವೆಯಂತೆ. ಈಗ ಏನು ಮಾಡ್ತೀಯಾ ಹೇಳು. ಅಕ್ಕ, ಇದು ಯಾರಿಗೂ ಗೊತ್ತಿಲ್ಲ. ನಾನು ನೋಡಿದ್ದೀನಿ, ನೀನು ನೋಡಿದ್ದೀಯಾ. ಗುರುವಾರ ಕಳೆದರೆ...”

“ಗೊತ್ತಿಲ್ಲ ಗೊತ್ತಿಲ್ಲ ಅಂದವರಿಗೆ ನಾನು ಇಷ್ಟು ವರ್ಷ ಎಷ್ಟು ಬೈದಿದ್ದೀನಿ ಗೊತ್ತೇನೋ ನಿನಗೆ?” ಅವಳ ದನಿ ಒಡೆಯಿತು. ನನ್ನ ಅಕ್ಕ ಅಳುವುದನ್ನು ಆ ಕೋಣೆಯಲ್ಲಿ ನಾನು ನೋಡಿದ್ದು ಅದು ಎರಡನೆಯ ಸಲ. “ಹಿಂದುಗಡೆ ನೋಡಲಿಲ್ಲ ಕಣೋ. ಒಂದಕ್ಷರ ಬಿಟ್ಟಿಲ್ಲ ಅಂದೆ. ಹಿಂದುಗಡೆ ತಿರುಗಿಸಲೇ ಇಲ್ಲ.”

ಚೀಟಿ ಹಿಡಿದು ಎದ್ದಳು. ನಾನೂ ಹಿಂದೆ ಹೋದೆ, ನನ್ನ ಪಾಲಿನ ಬೈಗುಳ ನನಗೆ ಸಿಗಲಿ ಎಂದು.

ಅಕ್ಕ ನಡೆದದ್ದನ್ನೆಲ್ಲ ಹೇಳಿ ಚೀಟಿ ಮುಂದಿಟ್ಟಳು. ಮೇಡಂ ಓದಿದರು. ಕುರ್ಚಿಗೆ ಒರಗಿ ಸೂರು ನೋಡಿದರು. “ಮೂರು ವರ್ಷ ಅಕ್ಕ” ಅಂದರು. “ಮೂರು ವರ್ಷ ನಾನು ಆ ಬುರುಡೆ ಅಳೆದಿದ್ದೀನಿ.”

“ನನ್ನದೇ ತಪ್ಪು ಮೇಡಂ.”

“ನೀವೊಂದು ಚೀಟಿ ಕತ್ತರಿಸಿದಿರಿ, ಇವರೊಂದು ಡ್ರಾಯರ್‌ಗೆ ತುರುಕಿದರು, ನಾನೊಂದು ಪ್ರಾಣಿ ಕಂಡುಹಿಡಿದೆ! ಮೂವರೂ ಸೇರಿ ಒಳ್ಳೆ ಕೆಲಸ ಮಾಡಿದ್ದೀವಿ.” ಮೇಡಂ ನಗಲು ನೋಡಿದರು, ಆಗಲಿಲ್ಲ. ಮೇಜಿನ ಮೇಲಿದ್ದ ಕಾಗದದ ಕಟ್ಟನ್ನು ಪಟಾರನೆ ಗೋಡೆಯ ಕಡೆ ಎಸೆದರು. ನಾನು ಬಗ್ಗಿ ಹೆಕ್ಕಿಕೊಟ್ಟೆ. ಅಂದೇ ಅವರು ಲೇಖನ ವಾಪಸು ತೆಗೆದುಕೊಂಡರು. ಅದೊಂದು ವಿಷಯಕ್ಕೆ ನಾನು ಓದಿದವರನ್ನು ಮೆಚ್ಚುತ್ತೇನೆ. ಒಂದು ಗಂಟೆಯೂ ತಡಮಾಡಲಿಲ್ಲ.

ಮಾರನೆಯ ದಿನ ಅಕ್ಕ ಪಡಸಾಲೆಗೆ ಏಣಿ ತರಿಸಿ, ನಾನು ಹಿಡಿದುಕೊಂಡಿರಲು, ತಾನೇ ಹತ್ತಿ ನಕ್ಷೆಯ ಒಂಟಿ ಚುಕ್ಕೆಯನ್ನು ಬ್ಲೇಡಿನಿಂದ ಕೆರೆದು, ಅಲ್ಲಿಗೆ ಸಮುದ್ರದ ನೀಲಿ ಹಚ್ಚಿದಳು. ನೀಲಿ ಸ್ವಲ್ಪ ಗಾಢವಾಯಿತು. ಈಗಲೂ ಗಮನವಿಟ್ಟು ನೋಡಿದರೆ ಕಾಣುತ್ತದೆ.

ಆಮೇಲೆ ಮೇಜಿಗೆ ಬಂದು ಹೊಸ ಚೀಟಿ ತೆಗೆದುಕೊಂಡಳು. ಮೇಡಂ ಪಕ್ಕದಲ್ಲಿ ನಿಂತಿದ್ದರು. ಅಕ್ಕ ಬರೆದಳು: ‘ಸಾಮಾನ್ಯ ಕಬ್ಬೆಕ್ಕು. ಊರು ತಿಳಿಯದು. ಮೊದಲ ಚೀಟಿಯನ್ನು ಕತ್ತರಿಸಿದ್ದು ನಾನು. ಹಿಂಬದಿ ಓದಿರಲಿಲ್ಲ.’ ಕೆಳಗೆ ತಾರೀಕು ಹಾಕಿದಳು. ತಾರೀಕಿನ ಮುಂದೆ ಲೇಖನಿ ಮತ್ತೆ ಇಳಿಯಿತು.

“ಹೆಸರು ಬೇಡ ಅಕ್ಕ” ಅಂದರು ಮೇಡಂ ಮೆಲ್ಲಗೆ. “ನಾನು ಅಂತ ಯಾಕೆ ಬರೀತೀರಿ? ಸಿಬ್ಬಂದಿಯಿಂದ ಅಂತ ಬರೆದರೆ ಸಾಕು. ಈ ಚೀಟಿ ಇನ್ನು ಇನ್ನೂರು ವರ್ಷ ಇಲ್ಲೇ ಇರುತ್ತೆ.”

“ಹೆಸರು ಹಾಕ್ತೀನಿ ಅಂದಿದ್ದು ನೀವೇ ಅಲ್ವಾ ಮೇಡಂ?” ಅಂದಳು ಅಕ್ಕ.

ಬರೆದಳು. ಕಸದಬುಟ್ಟಿಯ ಕಾಗದದಲ್ಲಿ ಇದ್ದಂತೆ ಲ್ಯಾಟಿನ್ ರೂಪದಲ್ಲಲ್ಲ, ಅಪ್ಪ ಅಮ್ಮ ಇಟ್ಟ ಹಾಗೆ, ನೆಟ್ಟಗೆ. ಮಸಿ ಆರುವವರೆಗೆ ಚಹಾ ಮುಟ್ಟಲಿಲ್ಲ. ಆರಿದ ಮೇಲೆ ನಾನೂರ ಹದಿನೇಳರ ಹಿಂಗಾಲಿಗೆ ಮೊದಲು ಆ ಹಳದಿ ಚೀಟಿ, ಅದರ ಮೇಲೆ ತನ್ನ ಹಳೆಯ ನಕಲು, ಅದರ ಮೇಲೆ ಹೊಸದು, ಮೂರನ್ನೂ ಒಂದೇ ದಾರದಲ್ಲಿ ಕಟ್ಟಿ ಎರಡು ಗಂಟು ಹಾಕಿದಳು. ಚರ್ಮವನ್ನು ಎರಡೂ ಕೈಯಲ್ಲಿ ಎತ್ತಿ ಡ್ರಾಯರಿನಲ್ಲಿ ಮಲಗಿಸಿದಳು.

ನಾನು ಡ್ರಾಯರನ್ನು ಒಳಗೆ ತಳ್ಳಿದೆ. ಬೆಣೆ ಇಲ್ಲದ್ದರಿಂದ ಅದು ಒಂದು ಕಡೆಗೆ ವಾಲಿ ಅರ್ಧಕ್ಕೇ ನಿಂತಿತು.

“ನೋಡ್ತಾ ನಿಂತಿದ್ದೀಯಲ್ಲ, ಬೆಣೆ ಹಾಕೋ” ಅಂದಳು ಅಕ್ಕ, ಕಣ್ಣೊರೆಸಿಕೊಂಡು. “ಈ ಸಲ ಮರದ್ದು.”